ಐದು ಮುಖದ ವಾದ್ಯ, ಒಂದು ಮುಖದ ಚಿತ್ರ

ಕಂಡುದನ್ನು ಕಂಡಂತೆ ಹೇಳುವುದೇ ಸತ್ಯವೆಂದು ಎಲ್ಲರೂ ಒಪ್ಪುವರು. ಆದರೆ ತಾನು ಹೇಳಿದುದರಲ್ಲಿ ಕಂಡುದೆಷ್ಟು, ಕೇಳಿ ತಿಳಿದುದೆಷ್ಟು, ಬರಿಯ ಊಹೆಯೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಬಲ್ಲವರು ವಿರಳ. ಮಾತಿನಲ್ಲಿ ಈ ಮೂರೂ ಹಾಲುನೀರುಗಳಂತೆ ಬೆರೆತುಹೋಗುವುವು. ಆಡಿದವನಿಗೇ ಅವುಗಳ ಭೇದವು ತೋರದು. ಸೀಸದ ಕಡ್ಡಿಯನ್ನು ಹಿಡಿದು ಎದುರಿಗಿರುವ ಒಂದು ವಸ್ತುವನ್ನು ಬರೆಯಲು ಕುಳಿತವನಿಗಾದರೋ ಈ ಭೇದವನ್ನು ಮರೆತಿರುವ ಸುಖವಿಲ್ಲ. ಎಳೆಯುವ ಒಂದೊಂದು ಗೆರೆಯೂ, ಇದು ನೀನು ಕಂಡುದೋ, ಹೀಗಿರಬೇಕೆಂದು ನೀನು ಬಗೆದುದೋ ಎಂದು ಅವನನ್ನು ವಿಚಾರಣೆಗೆ ನಿಲ್ಲಿಸುವುದು. ವಸ್ತುವು ಅಪರೂಪವಾದಷ್ಟೂ ಈ ವಿಚಾರಣೆಯು ಬಿಗಿಯಾಗುವುದು. ತಂಬಿಗೆಯ ಚಿತ್ರವು ತಪ್ಪಿದರೆ ನೋಡಿದವನು ನಕ್ಕು ಮನಸ್ಸಿನಲ್ಲಿಯೇ ತಿದ್ದಿಕೊಳ್ಳುವನು. ತಂಬಿಗೆಯು ಅವನ ಮನೆಯಲ್ಲಿಯೇ ಉಂಟು. ಸಾವಿರದಲ್ಲೊಬ್ಬನೂ ಕಣ್ಣಾರೆ ಕಾಣದ ವಸ್ತುವಿನ ಚಿತ್ರವು ತಪ್ಪಿದರೆ ತಿದ್ದುವವರಾರು? ಅಂಥ ಎಡೆಯಲ್ಲಿ ಚಿತ್ರವು ವಸ್ತುವಿನ ಪ್ರತಿನಿಧಿಯಾಗಿ, ಕೆಲವೊಮ್ಮೆ ವಸ್ತುವೇ ಆಗಿ, ನಿಂತುಬಿಡುವುದು. ಹೀಗಿರಲು, ಬರೆಯುವವನ ಹೊಣೆಯೇನು ಎಂಬುದು ಕಲೆಯ ಪ್ರಶ್ನೆ ಮಾತ್ರವಲ್ಲ. ಧರ್ಮದ ಪ್ರಶ್ನೆಯೂ ಅಹುದು.

ಈ ಪ್ರಶ್ನೆಯನ್ನು ಬರಿಯ ತರ್ಕದಲ್ಲಿ ಸುತ್ತಿಸುವುದಕ್ಕಿಂತ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು. ತಮಿಳುನಾಡಿನ ತಿರುವಾರೂರು ಸಂಗೀತಪ್ರಿಯರೆಲ್ಲರಿಗೂ ಪರಿಚಿತವಾದ ಹೆಸರು. ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು, ಈ ಮೂವರೂ ಹುಟ್ಟಿದ ಊರು ಅದು. ಅಲ್ಲಿಯ ತ್ಯಾಗರಾಜಸ್ವಾಮಿಯ ದೇವಾಲಯದಲ್ಲಿ ಪಂಚಮುಖವಾದ್ಯವೆಂಬ ವಿಲಕ್ಷಣವಾದ ಚರ್ಮವಾದ್ಯವೊಂದುಂಟು. ತಮಿಳಿನಲ್ಲಿ ಅದಕ್ಕೆ ಕುಡಮುಳಾ ಎಂದು ಹೆಸರು. ಕುಡವೆಂದರೆ ಕನ್ನಡದ ಕೊಡವೇ. ಹೆಸರಿಗೆ ತಕ್ಕಂತೆ ಅದರ ಒಡಲು ಲೋಹದ ದೊಡ್ಡದೊಂದು ಕೊಡ. ಆದರೆ ಈ ಕೊಡಕ್ಕೆ ಕಂಠವು ಒಂದಲ್ಲ, ಐದು: ನಡುವೆ ಒಂದು, ಅದನ್ನು ಬಳಸಿ ನಾಲ್ಕು. ನಡುವಿನದು ಉಳಿದವುಗಳಿಗಿಂತ ದೊಡ್ಡದು. ಐದು ಬಾಯಿಗಳಿಗೂ ಚರ್ಮವನ್ನು ಬಿಗಿದು ಕೈಗಳಿಂದ ನುಡಿಸುವರು. ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನ ಎಂಬ ಶಿವನ ಐದು ಮುಖಗಳ ಹೆಸರುಗಳನ್ನೇ ಈ ಐದು ಬಾಯಿಗಳಿಗೂ ಇಟ್ಟಿರುವರು. ತಿರುತ್ತುರೈಪ್ಪೂಂಡಿಯ ದೇವಾಲಯದಲ್ಲಿಯೂ ಇಂಥದೊಂದು ವಾದ್ಯವುಂಟು. ಚೆನ್ನೈಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿಯೂ ಒಂದನ್ನು ಇರಿಸಿರುವರು. ಮೃದಂಗದಂತೆ ಊರೂರಿನಲ್ಲಿ ದೊರೆಯುವ ವಾದ್ಯ ಇದಲ್ಲ. ವಂಶಪಾರಂಪರ್ಯವಾಗಿ ಬಂದ ವಾದಕರು ದೇವರ ಸನ್ನಿಧಿಯಲ್ಲಿ ನುಡಿಸತಕ್ಕುದು. ಕಚೇರಿಯ ವೇದಿಕೆಯಲ್ಲಿ ಇದನ್ನು ಕಂಡವರಿಲ್ಲವೆಂದರೂ ಸಲ್ಲುವುದು.

ಇದನ್ನು ಕೈಯಿಂದ ಬರೆಯಹೊರಟವನಿಗೆ ಮೊದಲ ಗೆರೆಗೆ ಮುಂಚೆಯೇ ಒಂದು ಸಂಕಟವು ಒದಗುವುದು: ಎಲ್ಲಿ ಕುಳಿತುಕೊಳ್ಳಬೇಕು? ಎದುರಿಗೆ ನೆಲದ ಮೇಲೆ ಕುಳಿತರೆ ಒಡಲಿನ ಉಬ್ಬೂ ಕಂಠಗಳ ನೀಳವೂ ಚೆನ್ನಾಗಿ ಕಾಣುವುವು. ಆದರೆ ಬಾಯಿಗಳು ಬರಿಯ ಅಂಚುಗಳಾಗಿ, ಹಿಂದಿನ ಕಂಠವು ನಡುವಿನದರ ಮರೆಯಲ್ಲಿ ಅಡಗುವುದು. ಮೇಲೆ ನಿಂತು ಬಗ್ಗಿ ನೋಡಿದರೆ ಐದು ಬಾಯಿಗಳೂ ಹೂವಿನ ಎಸಳುಗಳಂತೆ ಅರಳಿ ತೋರುವುವು. ಆದರೆ ಒಡಲು ಮರೆಯಾಗಿ, ಐದು ಬಾಯಿಗಳಿಗೂ ಹೊಟ್ಟೆಯೊಂದೇ ಎಂಬ ಮುಖ್ಯವಾದ ಸಂಗತಿಯೇ ಮಾಯವಾಗುವುದು. ಓರೆಯಾಗಿ ತುಸು ಎತ್ತರದಲ್ಲಿ ಕುಳಿತರೆ ಎಲ್ಲವೂ ಅಷ್ಟಷ್ಟು ಕಾಣುವುದು. ಯಾವುದೂ ಪೂರ್ತಿಯಾಗಿ ಕಾಣದು. ಐದು ಮುಖಗಳನ್ನೂ ಒಂದು ಒಡಲನ್ನೂ ಇರುವಂತೆಯೇ ಒಮ್ಮೆಗೆ ನೋಡಬಲ್ಲ ಸ್ಥಾನವು ಎಲ್ಲಿಯೂ ಇಲ್ಲ. ನೋಡುವವನು ಎಲ್ಲಾದರೂ ಕುಳಿತಿರಲೇಬೇಕು. ಕುಳಿತೊಡನೆ ಏನಾದರೂ ಮರೆಯಾಗಲೇಬೇಕು. ಇದು ಕಣ್ಣಿನ ದೋಷವಲ್ಲ, ದೇಹವುಳ್ಳವನ ಸ್ಥಿತಿ.

ಸ್ಥಾನವನ್ನು ಆರಿಸಿದ ಮೇಲೆ ಎರಡನೆಯ ಸಂಕಟವು ತಲೆದೋರುವುದು. ಬಾಯಿಯು ವೃತ್ತವೆಂದು ಮನಸ್ಸಿಗೆ ಗೊತ್ತು. ಓರೆಯಿಂದ ನೋಡುವ ಕಣ್ಣಿಗೆ ಅದು ಚಪ್ಪಟೆಯಾದ ಅಂಡಾಕಾರ. ಹೊಸಬನ ಕೈಯು ಕಣ್ಣನ್ನು ಬಿಟ್ಟು ಮನಸ್ಸಿನ ಮಾತನ್ನು ಕೇಳಿ, ಕಂಡುದಕ್ಕಿಂತ ದುಂಡಗೆ ಬರೆಯುವುದು. ಎಳೆಯ ಮಗುವಿನ ಕೈಗೆ ಬಳಪವನ್ನು ಕೊಟ್ಟು ಗಡಿಗೆಯನ್ನು ಬರೆಯೆಂದರೆ, ಬಾಯಿಯನ್ನು ಮೇಲಿನಿಂದ ನೋಡಿದಂತೆ ಪೂರ್ಣವೃತ್ತವಾಗಿಯೂ, ತಳವನ್ನು ಪಕ್ಕದಿಂದ ನೋಡಿದಂತೆ ನೇರವಾದ ಗೆರೆಯಾಗಿಯೂ ಬರೆದುಕೊಡುವುದು. ಮಗುವು ಸುಳ್ಳು ಹೇಳಿತೇ? ಇಲ್ಲ. ಬಾಯಿಯು ದುಂಡಗಿರುವುದು, ತಳವು ನೆಲದ ಮೇಲೆ ನಿಲ್ಲುವುದು, ಎರಡೂ ನಿಜ. ತಾನು ತಿಳಿದುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತು. ದೊಡ್ಡವನ ತಪ್ಪು ಬೇರೆಯ ಬಗೆಯದು. ಅವನು ತಿಳಿದುದನ್ನು ಬರೆದು, ಅದನ್ನು ಕಂಡುದೆಂದು ನಂಬಿಸುವನು. ಪಂಚಮುಖವಾದ್ಯದಲ್ಲಿ ಈ ಆಸೆಯು ಐದುಮಡಿಯಾಗುವುದು. ಐದು ಬಾಯಿಗಳೂ ಕಣ್ಣಿಗೆ ಬೇರೆಬೇರೆ ದೂರದಲ್ಲಿ, ಬೇರೆಬೇರೆ ಓರೆಯಲ್ಲಿ ಇರುವುವು. ಒಂದೊಂದನ್ನೂ ಹೊಸದಾಗಿ ನೋಡಬೇಕು. ಒಂದನ್ನು ಕಷ್ಟಪಟ್ಟು ಬರೆದವನು, ಉಳಿದ ನಾಲ್ಕೂ ಹೀಗೆಯೇ ಇರಬೇಕೆಂದು ಅದರ ನಕಲನ್ನು ಇಳಿಸಲು ಹೊರಡುವನು. ಚಿತ್ರವು ಅಂದವಾಗಿಯೇ ಬರುವುದು. ಕೈಯ ಸೋಮಾರಿತನವು ಸೌಷ್ಠವದ ವೇಷವನ್ನು ಧರಿಸುವುದು ಇಂಥ ಸಮಯದಲ್ಲಿಯೇ.

ಇಷ್ಟು ಸಣ್ಣ ವಿಷಯಕ್ಕೆ ಧರ್ಮಾಧರ್ಮಗಳ ದೊಡ್ಡ ಮಾತೇಕೆ ಎಂದು ಕೇಳುವವರಿರಬಹುದು. ಅವರು ಒಂದು ಖಡ್ಗಮೃಗದ ಕಥೆಯನ್ನು ನೆನೆಯುವುದು ಒಳ್ಳೆಯದು. ಗುಜರಾತಿನ ಸುಲ್ತಾನನು ಗೋವೆಯ ಪೋರ್ತುಗೀಸ್ ಅಧಿಪತಿಯಾದ ಆಲ್ಬುಕರ್ಕನಿಗೆ ಕೊಟ್ಟ ಖಡ್ಗಮೃಗವೊಂದನ್ನು ಅವನು ತನ್ನ ರಾಜನಿಗೆ ಕಾಣಿಕೆಯಾಗಿ ಕಳುಹಿಸಿದನು. ಅದು ೧೫೧೫ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಮುಟ್ಟಿತು. ಜರ್ಮನಿಯ ನ್ಯೂರೆಂಬರ್ಗಿನಲ್ಲಿದ್ದ ಮಹಾಚಿತ್ರಕಾರನಾದ ಆಲ್ಬ್ರೆಕ್ಟ್ ಡ್ಯೂರರನು ಆ ಪ್ರಾಣಿಯನ್ನು ಕಾಣಲಿಲ್ಲ. ಯಾರೋ ಕಳುಹಿಸಿದ ವರ್ಣನೆಯನ್ನೂ ಒಂದು ರೇಖಾಚಿತ್ರವನ್ನೂ ಆಧಾರವಾಗಿಟ್ಟುಕೊಂಡು, ಅದೇ ವರ್ಷ ಅದರ ಚಿತ್ರವನ್ನು ಮರದ ಅಚ್ಚಿನಲ್ಲಿ ಹೊರಡಿಸಿದನು. ಅದರಲ್ಲಿ ಮೃಗದ ಚರ್ಮವು ಯೋಧನ ಕವಚದಂತೆ ಫಲಕಫಲಕವಾಗಿದೆ. ಹೆಗಲ ಮೇಲೆ ಇಲ್ಲದ ಸಣ್ಣ ಕೊಂಬೊಂದು ಮೂಡಿದೆ. ನಿಜವಾದ ಪ್ರಾಣಿಯು ೧೫೧೬ರಲ್ಲಿ ಇಟಲಿಯ ಕಡಲಿನಲ್ಲಿ ಹಡಗಿನೊಡನೆ ಮುಳುಗಿ ಸತ್ತಿತು. ಚಿತ್ರದ ಪ್ರಾಣಿಯು ಬದುಕಿ ಸಂತಾನವನ್ನು ಬೆಳೆಸಿತು. ೧೫೫೧ರಲ್ಲಿ ಹೊರಡಲು ತೊಡಗಿದ ಗೆಸ್ನರನ ಪ್ರಾಣಿಶಾಸ್ತ್ರದ ಮಹಾಗ್ರಂಥವನ್ನು ಅದು ಸೇರಿತು. ಎರಡು ಶತಮಾನಗಳಿಗೂ ಮೀರಿ ವಿದ್ವಾಂಸರು ಆ ಇಲ್ಲದ ಕೊಂಬನ್ನು ನಕಲು ಮಾಡುತ್ತ ಬಂದರು.

ಡ್ಯೂರರನು ಕಾಣದುದನ್ನು ಬರೆದುದೇ ಅವನ ತಪ್ಪೆಂದು ಹೇಳಿದರೆ ನ್ಯಾಯವಾಗದು. ಕೇಳಿದುದನ್ನು ಬರೆಯುವ ಅಧಿಕಾರವು ಚಿತ್ರಕಾರನಿಗೆ ಇಲ್ಲದಿದ್ದರೆ ಪುರಾಣದ ಚಿತ್ರಗಳೇ ಇರುತ್ತಿರಲಿಲ್ಲ. ತಪ್ಪಿರುವುದು ಚಿತ್ರದ ಮೇಲೆ ಅಚ್ಚಾದ ಬರಹದಲ್ಲಿ. ಆ ಪ್ರಾಣಿಯನ್ನು ಅದರ ಸಮಸ್ತವಾದ ಆಕಾರದೊಡನೆ ಇಲ್ಲಿ ತೋರಿಸಿದೆಯೆಂದು ಆ ಬರಹವು ಸಾರುವುದು. ಹೀಗಿದೆಯಂತೆ ಎನ್ನಬೇಕಾಗಿದ್ದ ಎಡೆಯಲ್ಲಿ ಹೀಗಿದೆ ಎಂದಿತು. ಕನ್ನಡಿಗರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಕನ್ನಡ ನುಡಿಯು "ಅಂತೆ" ಎಂಬ ಪುಟ್ಟ ಮಾತನ್ನು ಇದಕ್ಕಾಗಿಯೇ ಇಟ್ಟುಕೊಂಡಿದೆ. ಬಂದನು ಎಂದರೆ ಹೇಳುವವನು ಹೊಣೆ. ಬಂದನಂತೆ ಎಂದರೆ ಹೊಣೆಯು ಬೇರೊಬ್ಬನದು. ಎರಡಕ್ಷರಗಳ ಈ ಅಲ್ಪಪದವು ಮಾಡುವ ನ್ಯಾಯವನ್ನು ಎಷ್ಟೋ ದೊಡ್ಡ ಪ್ರಮಾಣವಚನಗಳು ಮಾಡಲಾರವು. ಚಿತ್ರಕ್ಕೂ ಇಂಥ ಒಂದು ಅಂತೆಯುಂಟು. ಯಂತ್ರಗಳ ಮತ್ತು ಕಟ್ಟಡಗಳ ನಕ್ಷೆಯನ್ನು ಬರೆಯುವವರು ಮರೆಯಲ್ಲಿರುವ ಅಂಚನ್ನು ತುಂಡುತುಂಡಾದ ಗೆರೆಯಿಂದ ಗುರುತಿಸುವರು. ಅಲ್ಲಿ ಅಂಚು ಇದೆಯೆಂದು ತಿಳಿದಿದೆ, ಆದರೆ ಇಲ್ಲಿಂದ ಅದು ಕಾಣದು ಎಂಬುದು ಆ ತುಂಡುಗೆರೆಯ ಅರ್ಥ. ಪಂಚಮುಖವಾದ್ಯದ ಹಿಂದಿನ ಕಂಠವನ್ನು ಒಬ್ಬನು ತುಂಡುಗೆರೆಯಿಂದ ತೋರಿಸಿದರೆ ಅವನು ಏನನ್ನೂ ಕಳೆದುಕೊಳ್ಳಲಿಲ್ಲ. ನೋಡುವವನಿಗೆ ಏನನ್ನೂ ಬಚ್ಚಿಡಲಿಲ್ಲ. ಅದನ್ನೇ ತುಂಬಿದ ಗೆರೆಯಿಂದ ಬರೆದರೆ ಆಕಾರವು ಸರಿಯಿದ್ದರೂ ಸಾಕ್ಷಿಯು ಸುಳ್ಳು.

ಇದಕ್ಕೆ ಬಲವಾದ ಒಂದು ಆಕ್ಷೇಪವುಂಟು. ಇಷ್ಟು ನಿಷ್ಠೆಯೇ ಬೇಕಾದರೆ ಛಾಯಾಚಿತ್ರವನ್ನು ತೆಗೆದರೆ ಸಾಲದೇ? ಯಂತ್ರದ ಕಣ್ಣಿಗೆ ಊಹೆಯಿಲ್ಲ, ಆಸೆಯಿಲ್ಲ, ಸೋಮಾರಿತನವಿಲ್ಲ. ಕೈಯಿಂದ ಬರೆಯುವವನಾದರೋ ಕೆಲವನ್ನು ಬಿಡುವನು, ಕೆಲವನ್ನು ಒತ್ತಿ ತೋರಿಸುವನು. ಆರಿಸುವುದೇ ಒಂದು ಬಗೆಯ ಅಸತ್ಯವಲ್ಲವೇ? ಅಲ್ಲವೆಂದೇ ಹೇಳಬೇಕು. ಬಿಡುವುದು ಬೇರೆ, ಬಚ್ಚಿಡುವುದು ಬೇರೆ. ಛಾಯಾಚಿತ್ರವು ವಾದ್ಯದ ಮೇಲೆ ಬಿದ್ದ ಕಿಟಕಿಯ ನೆರಳನ್ನೂ ಅದರ ಅಂಚನ್ನೂ ಒಂದೇ ಆದರದಿಂದ ಹಿಡಿಯುವುದು. ಯಾವುದು ವಾದ್ಯದ್ದು, ಯಾವುದು ಆ ಹೊತ್ತಿನದು ಎಂದು ಅದು ಹೇಳಲಾರದು. ನೆರಳನ್ನು ಬಿಟ್ಟು ಅಂಚನ್ನು ಬರೆದ ಕೈಯು ಒಂದು ತೀರ್ಪನ್ನು ಕೊಟ್ಟಿರುವುದು. ತೀರ್ಪನ್ನು ಕೊಟ್ಟವನು ಅದಕ್ಕೆ ಉತ್ತರವಾದಿಯೂ ಆಗುವನು. ಶಿಲ್ಪಿಗಳಲ್ಲಿಯೂ ಇದಕ್ಕೆ ಸಾದೃಶ್ಯವುಂಟು. ಲಿಂಗದ ಮೇಲೆ ಶಿವನ ಮುಖಗಳನ್ನು ಕೆತ್ತುವಾಗ ನಾಲ್ಕು ದಿಕ್ಕಿಗೆ ನಾಲ್ಕು ಮುಖಗಳನ್ನು ಮಾತ್ರ ಕಡೆದು, ಐದನೆಯದಾದ ಈಶಾನವನ್ನು ಅವ್ಯಕ್ತವಾಗಿ ಬಿಡುವ ಸಂಪ್ರದಾಯವು ಪುರಾತನವಾದುದು. ಬಿಟ್ಟುದು ಮರೆವಿನಿಂದಲ್ಲ, ಅಳವಡದುದನ್ನು ಅಳವಡದೆಂದು ಒಪ್ಪಿದುದರಿಂದ. ಅಂಥ ಬರಿದು ಎಡೆಯು ಸುಳ್ಳು ಮುಖಕ್ಕಿಂತ ಹೆಚ್ಚು ಹೇಳುವುದು.

ಬಿಡುವುದರಲ್ಲಿಯೂ ಒಂದು ಮೋಸವು ನುಸುಳಬಹುದು. ಹಳೆಯ ವಾದ್ಯವೆಂದರೆ ಸವೆತ, ತಗ್ಗು, ಬಿರುಕು, ತೇಪೆಗಳು ಇದ್ದೇ ಇರುವುವು. ಬರೆಯುವವನಿಗೆ ವಾದ್ಯದಲ್ಲಿ ಭಕ್ತಿ ಹುಟ್ಟಿದರೆ ಅವನ ಕೈಯು ಈ ಊನಗಳನ್ನು ವಾಸಿಮಾಡಲು ಹೊರಡುವುದು. ತಗ್ಗನ್ನು ತುಂಬುವುದು, ಬಿರುಕನ್ನು ಬೆಸೆಯುವುದು, ಎರಕವಾದ ದಿನದ ಹೊಳಪನ್ನು ಮರಳಿ ಕೊಡುವುದು. ಪ್ರೀತಿಯಿಂದ ಹುಟ್ಟಿದ ಅಸತ್ಯವಿದು. ಆದುದರಿಂದಲೇ ಗುರುತಿಸುವುದು ಕಷ್ಟ. ಆದರೆ ವಿಚಾರಿಸಿ ನೋಡಿದರೆ, ಚರ್ಮದ ಮೇಲೆ ಬೆರಳು ತಾಗಿತಾಗಿ ಸವೆದ ಎಡೆಯು ವಾದ್ಯಕ್ಕೆ ಬಂದ ಊನವಲ್ಲ. ಅದು ವಾದ್ಯದ ಆಯುಷ್ಯ. ಚಿತ್ರವೆಂಬುದು ಮೂಕ, ವಾದ್ಯದ ಪ್ರಾಣವಾದ ನಾದವನ್ನು ಅದು ಒಂದಿಷ್ಟೂ ಹಿಡಿಯಲಾರದು. ಆ ಮೂಕಚಿತ್ರದಲ್ಲಿ ನಾದದ ಕುರುಹೇನಾದರೂ ಉಳಿಯುವುದಾದರೆ ಅದು ಈ ಸವೆತವೊಂದರಲ್ಲಿಯೇ. ಅದನ್ನು ಅಳಿಸಿದವನು ವಾದ್ಯವನ್ನು ಚೆಂದಗೊಳಿಸಲಿಲ್ಲ. ನುಡಿಸಿದವರ ಕೈಗಳನ್ನು ಅಳಿಸಿದನು.

ನುಡಿಸಿದವರ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕಾಗಿದೆ. ವಿಷ್ಣುಧರ್ಮೋತ್ತರದಲ್ಲಿ ವಜ್ರನೆಂಬ ಅರಸನು ಮೂರ್ತಿಗಳ ಲಕ್ಷಣವನ್ನು ಕೇಳಿದಾಗ ಮಾರ್ಕಂಡೇಯನು, ಚಿತ್ರವನ್ನು ಅರಿಯದೆ ಮೂರ್ತಿಯನ್ನೂ, ನೃತ್ತವನ್ನು ಅರಿಯದೆ ಚಿತ್ರವನ್ನೂ, ವಾದ್ಯವನ್ನು ಅರಿಯದೆ ನೃತ್ತವನ್ನೂ, ಗೀತವನ್ನು ಅರಿಯದೆ ವಾದ್ಯವನ್ನೂ ಅರಿಯಲಾಗದೆಂದು ಒಂದರ ಹಿಂದೊಂದು ಮೆಟ್ಟಿಲನ್ನು ಇಳಿಸುತ್ತ ಹೋಗುವನು. ವಾದ್ಯದ ಆಕಾರವು ನಾದಕ್ಕಾಗಿ ಹುಟ್ಟಿದುದು. ನಾದವನ್ನು ಕೇಳದವನು ಆಕಾರದಲ್ಲಿ ಯಾವುದು ಮುಖ್ಯವೆಂದು ಹೇಗೆ ತಿಳಿದಾನು? ಭರತನ ನಾಟ್ಯಶಾಸ್ತ್ರದಲ್ಲಿ ಪುಷ್ಕರವಾದ್ಯಗಳ ಹುಟ್ಟಿನ ಕಥೆಯೂ ಇದನ್ನೇ ಹೇಳುವುದು. ಸ್ವಾತಿಯೆಂಬ ಮುನಿಯು ನೀರಿಗಾಗಿ ಕೊಳಕ್ಕೆ ಹೋಗಿದ್ದಾಗ ಮಳೆ ಬಂದಿತು. ಹಿರಿದು, ನಡುತರ, ಕಿರಿದು ಎಂದು ಬಗೆಬಗೆಯಾಗಿದ್ದ ತಾವರೆಯ ಎಲೆಗಳ ಮೇಲೆ ಬಿದ್ದ ಹನಿಗಳ ಬೇರೆಬೇರೆ ದನಿಗಳನ್ನು ಅವನು ಮನಸ್ಸಿಟ್ಟು ಕೇಳಿ, ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ವಾದ್ಯಗಳನ್ನು ರಚಿಸಿದನು. ಮೊದಲು ಕಿವಿ, ಆಮೇಲೆ ರೂಪ. ಬರೆಯುವವನು ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯತಕ್ಕವನು. ರೂಪದಿಂದ ಹೊರಟು ನಾದದ ಬಾಗಿಲವರೆಗಾದರೂ ನೋಡುವವನನ್ನು ತಲಪಿಸಬೇಕು.

ಇದಕ್ಕೆ ಎರಡು ಹಾದಿಗಳನ್ನು ಹಿಂದಿನವರು ತೋರಿಸಿರುವರು. ಆಂಟ್ವರ್ಪಿನಿಂದ ೧೭೯೧ರಲ್ಲಿ ಕಲ್ಕತ್ತೆಗೆ ಬಂದ ಬಾಲ್ತಜಾರ್ ಸೋಲ್ವಿನ್ಸ್ ಎಂಬ ಚಿತ್ರಕಾರನು ಅಲ್ಲಿಯ ಜನಜೀವನವನ್ನು ಇನ್ನೂರೈವತ್ತು ಫಲಕಗಳಲ್ಲಿ ಬರೆದು ಆ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರಕಟಿಸಿದನು. ಅವುಗಳಲ್ಲಿ ವಾದ್ಯಗಳ ಒಂದು ಭಾಗವೇ ಉಂಟು. ಅಲ್ಲಿ ವಾದ್ಯವು ಒಂಟಿಯಾಗಿಲ್ಲ, ನುಡಿಸುವವನ ಕೈಯಲ್ಲಿದೆ. ಆ ಕಾಲದ ಯೂರೋಪಿಯನರ ರುಚಿಗೆ ಅವನ ಚಿತ್ರಗಳು ಒರಟಾಗಿ ತೋರಿ ಅವನಿಗೆ ನಷ್ಟವೇ ಆಯಿತು. ಇಂದು ಬಂಗಾಳದ ಹಳೆಯ ವಾದ್ಯಗಳನ್ನು ಹೇಗೆ ಹಿಡಿದು ನುಡಿಸುತ್ತಿದ್ದರೆಂದು ತಿಳಿಯಲು ವಿದ್ವಾಂಸರು ಅವುಗಳನ್ನೇ ನೋಡುವರು. ಇನ್ನೊಂದು ಹಾದಿಯು ಸಿ. ಆರ್. ಡೇ ಎಂಬ ಸೈನ್ಯಾಧಿಕಾರಿಯು ೧೮೯೧ರಲ್ಲಿ ದಕ್ಷಿಣ ಹಿಂದೂಸ್ಥಾನದ ಸಂಗೀತವನ್ನೂ ವಾದ್ಯಗಳನ್ನೂ ಕುರಿತು ಹೊರಡಿಸಿದ ಗ್ರಂಥದ್ದು. ಅದಕ್ಕೆ ವಿಲಿಯಂ ಗಿಬ್ ಎಂಬ ಚಿತ್ರಕಾರನು ಬರೆದ ಫಲಕಗಳಲ್ಲಿ ವಾದ್ಯವೇ ಅರಸು. ಮರದ ಬಣ್ಣ, ಕೆತ್ತನೆ, ಬಿಗಿತ ಎಲ್ಲವೂ ಕಣ್ಣಿಗೆ ಕಟ್ಟುವುವು. ಮೊದಲನೆಯದು ಬಳಕೆಯನ್ನು ಹೇಳುವುದು, ಎರಡನೆಯದು ವಸ್ತುವನ್ನು. ಯಾವುದು ಮೇಲೆಂದು ಜಗಳವಾಡಬೇಕಾಗಿಲ್ಲ. ಒಂದು ಇನ್ನೊಂದರ ಕೆಲಸವನ್ನು ತಾನು ಮಾಡಿದೆನೆಂದು ಹೇಳಿಕೊಳ್ಳದಿದ್ದರೆ ಸಾಕು.

ಮನುಷ್ಯನ ಕೈಯನ್ನು ಬಿಟ್ಟು ವಾದ್ಯವೇ ತನ್ನ ಚಿತ್ರವನ್ನು ಬರೆದುಕೊಂಡರೆ ಈ ತೊಡಕೆಲ್ಲವೂ ತೀರುವುದೇ? ಅದೂ ನಡೆದುಹೋಗಿದೆ. ೧೯೩೩ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್ನರು ಮೃದಂಗ ತಬಲಗಳ ನಾದವನ್ನು ಬಹುಕಾಲ ವಿಚಾರಿಸಿ, ೧೯೩೪ರಲ್ಲಿ ಒಂದು ಪ್ರೌಢವಾದ ಲೇಖನವನ್ನು ಪ್ರಕಟಿಸಿದರು. ಮುಚ್ಚಿಗೆಯ ಮೇಲೆ ನುಣುಪಾದ ಮರಳನ್ನು ಉದುರಿಸಿ ನುಡಿಸಿದರೆ, ಕಂಪಿಸುವ ಎಡೆಯಿಂದ ಮರಳು ಸರಿದು ನಿಶ್ಚಲವಾದ ಎಡೆಯಲ್ಲಿ ಗೆರೆಯಾಗಿ ನಿಲ್ಲುವುದು. ನಡುವೆ ಹಚ್ಚಿದ ಕರಣೆಯ ಭಾರದಿಂದ ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಸಂವಾದಿ ಸ್ವರಗಳಾಗಿ ಕೂಡಿಕೊಳ್ಳುವುವೆಂದೂ, ಬೇರೆ ಚರ್ಮವಾದ್ಯಗಳಿಗಿಲ್ಲದ ಮಾಧುರ್ಯವು ಮೃದಂಗಕ್ಕೆ ಬಂದುದು ಇದರಿಂದಲೇ ಎಂದೂ ಅವರು ತೋರಿಸಿಕೊಟ್ಟರು. ಮರಳಿನ ಈ ರೇಖೆಯಲ್ಲಿ ಊಹೆಯಿಲ್ಲ, ಪಕ್ಷಪಾತವಿಲ್ಲ. ಆದರೂ ಒಂದೊಂದು ಚಿತ್ರವು ಒಂದೊಂದು ಕಂಪನವನ್ನೇ ಹೇಳುವುದು. ಎಲ್ಲವನ್ನೂ ಒಮ್ಮೆಗೆ ಹೇಳುವ ಮರಳಿನ ಚಿತ್ರವಿಲ್ಲ. ವಾದ್ಯವು ತನ್ನನ್ನು ತಾನೇ ಬರೆದುಕೊಂಡಾಗಲೂ ಒಂದು ಸಲಕ್ಕೆ ಒಂದು ಮುಖವೇ.

ಆದುದರಿಂದ ಒಂದು ಮುಖವನ್ನು ಮಾತ್ರ ಕಾಣುವುದು ಅಪರಾಧವಲ್ಲ. ಕುಳಿತ ಎಡೆಯನ್ನು ಮುಚ್ಚಿಟ್ಟು, ಒಂದನ್ನು ಐದೆಂದು ಹೇಳುವುದೇ ಅಪರಾಧ. ಪಂಚಮುಖವಾದ್ಯವನ್ನು ಬರೆಯುವವನು ಎದುರಿನಿಂದ ಒಂದು, ಮೇಲಿನಿಂದ ಒಂದು, ನುಡಿಸುವವನ ಕೈಯೊಡನೆ ಒಂದು ಎಂದು ಮೂರು ಹಾಳೆಗಳನ್ನು ಬರೆಯಲಿ, ಪ್ರತಿಯೊಂದರ ಕೆಳಗೂ ಎಲ್ಲಿ ಕುಳಿತು ಬರೆದನೆಂದು ನಮೂದಿಸಲಿ, ಮರೆಯಲ್ಲಿದ್ದುದಕ್ಕೆ ತುಂಡುಗೆರೆಯನ್ನಿಡಲಿ, ತಿಳಿಯದುದನ್ನು ಬರಿದಾಗಿ ಬಿಡಲಿ. ಮುಂದೆ ಎಂದಾದರೂ ವಾದ್ಯವು ಒಡೆದು, ನುಡಿಸುವವರ ಪರಂಪರೆಯು ಕಡಿದು, ಆ ಹಾಳೆಗಳಿಂದಲೇ ಕಮ್ಮಟಗಾರನು ಹೊಸ ವಾದ್ಯವನ್ನು ಎರಕಹೊಯ್ಯಬೇಕಾದ ದಿನ ಬಂದರೆ, ಎಲ್ಲಿ ಕೈಯನ್ನು ನಂಬಬಹುದು, ಎಲ್ಲಿ ತಾನೇ ಹುಡುಕಿಕೊಳ್ಳಬೇಕು ಎಂಬುದು ಅವನಿಗೆ ತಿಳಿದಿರುವುದು.

ವಾದ್ಯವನ್ನು ಬರೆಯುವ ಪ್ರಸಂಗವು ಎಲ್ಲರಿಗೂ ಒದಗದು. ಆದರೆ ನೆರೆಯವನನ್ನು ವರ್ಣಿಸುವ ಪ್ರಸಂಗವು ಒದಗದ ಮನೆಯಿಲ್ಲ. ಮನುಷ್ಯನಿಗೂ ಮುಖವು ಐದಕ್ಕೆ ಕಡಿಮೆಯಿಲ್ಲ. ಅವನ ಹಿಂದಿನ ಕಂಠವನ್ನು ಬೀದಿಯ ಕಡೆಯಿಂದ ನೋಡಿದವರು ಕಾಣಲಾರರು. ಜಗಲಿಯ ಮೇಲೆ ಮೊದಲನೆಯವನು, ಅವನು ಹಾಗೆ ಮಾಡಿದನಂತೆ ಎನ್ನುವನು. ಅಡುಗೆಮನೆಯನ್ನು ಮುಟ್ಟುವಷ್ಟರಲ್ಲಿ ಆ ಅಂತೆಯು ಉದುರಿಹೋಗುವುದು. ಸಂಜೆಯ ಹೊತ್ತಿಗೆ ಮಾಡಿದನು ಎಂದಾಗುವುದು. ಮಾರನೆಯ ವರ್ಷಕ್ಕೆ ಅವನು ಮಾಡತಕ್ಕವನೇ ಎಂದಾಗುವುದು. ಖಡ್ಗಮೃಗದ ಹೆಗಲಿನ ಕೊಂಬು ಬೆಳೆದುದು ಹೀಗೆಯೇ. ಮೃಗಕ್ಕೆ ಅದರಿಂದ ನೋವಾಗಲಿಲ್ಲ, ಅದು ಸತ್ತಿತ್ತು. ಮನುಷ್ಯನಾದರೋ ಬದುಕಿರುವನು, ತನ್ನ ಮೇಲೆ ಬರೆದ ಕೊಂಬನ್ನು ಹೊತ್ತುಕೊಂಡು ಅದೇ ಬೀದಿಯಲ್ಲಿ ನಡೆಯಬೇಕಾಗಿರುವುದು.